‘ಮೊದಲು ಶುರು ಮಾಡಿದವರು ಯಾರು?’: ನಡುವೆ ಖಾಲಿ ಬಿಟ್ಟ ಪಠ್ಯಪುಸ್ತಕದ ಕಥೆ

ನಮಸ್ಕಾರ. ಇಸ್ರೇಲ್–ಪ್ಯಾಲೆಸ್ತೀನ್ ಬಗ್ಗೆ ಯಾವ ವಿಡಿಯೋ ಹಾಕಿದರೂ ನೀವು ಕೇಳುವುದು ಒಂದೇ: ‘ಸುತ್ತಿ ಬಳಸಬೇಡಿ, ತಪ್ಪು ಯಾರದು ಅಷ್ಟು ಹೇಳಿ.’ ಇವತ್ತು ಆ ಪ್ರಶ್ನೆಯ ಬೆನ್ನನ್ನೇ ಹತ್ತೋಣ.

ಮೊದಲು ಹಿನ್ನೆಲೆ. ಬೇಗ ಮುಗಿಸುತ್ತೇನೆ. 1917ರಲ್ಲಿ ಬಾಲ್ಫರ್ ಘೋಷಣೆ: ಪ್ಯಾಲೆಸ್ತೀನಿನಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆ ಕೊಡಲು ಬ್ರಿಟನ್ ಒಪ್ಪಿತು. 1947ರಲ್ಲಿ ವಿಭಜನೆಗೆ ವಿಶ್ವಸಂಸ್ಥೆಯ ನಿರ್ಣಯ. 1948ರಲ್ಲಿ ಇಸ್ರೇಲ್ ಹುಟ್ಟಿತು, ಯುದ್ಧ ನಡೆಯಿತು, ಸುಮಾರು ಏಳು ಲಕ್ಷ ಪ್ಯಾಲೆಸ್ತೀನಿಯರು ನೆಲೆ ಕಳೆದುಕೊಂಡರು. 1967ರಲ್ಲಿ ಪಶ್ಚಿಮ ದಂಡೆ ಮತ್ತು ಗಾಜಾ ಇಸ್ರೇಲಿನ ವಶವಾದವು. 1987 ಮತ್ತು 2000ರಲ್ಲಿ ಎರಡು ಇಂತಿಫಾದಾಗಳು, ಅಂದರೆ ಇಸ್ರೇಲಿನ ವಿರುದ್ಧ ಪ್ಯಾಲೆಸ್ತೀನಿಯರ ದಂಗೆಗಳು, ನಡುವೆ ಎರಡೂ ಕಡೆಯವರ ಶಾಂತಿ ಮಾತುಕತೆಯಿಂದ ಬಂದ 1993ರ ಓಸ್ಲೋ ಒಪ್ಪಂದ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ.

ಇದರಲ್ಲಿ ಲೆಕ್ಕವನ್ನು ಯಾವ ಇಸವಿಯಿಂದ ಶುರು ಮಾಡುತ್ತೀರಿ? ಅಣ್ಣ ತಮ್ಮಂದಿರ ಬದುವಿನ ವ್ಯಾಜ್ಯಕ್ಕೆ ಪಂಚಾಯಿತಿ ಸೇರಿಸಿ ನೋಡಿ. ಒಬ್ಬ ಅಜ್ಜನ ಕಾಲದ ಪಾಲುಪಟ್ಟಿ ತೆಗೆಯುತ್ತಾನೆ, ಇನ್ನೊಬ್ಬ ಹೋದ ಮಳೆಗಾಲದಲ್ಲಿ ಕಿತ್ತ ಕಲ್ಲಿನಿಂದ ಶುರು ಮಾಡುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಆದರೆ ಶುರು ಮಾಡಿದ ಜಾಗದಲ್ಲೇ ತೀರ್ಪು ಅಡಗಿರುತ್ತದೆ.

ಇದನ್ನು ಪುಸ್ತಕದ ಪುಟದ ಮೇಲೇ ತೋರಿಸಿದವರು ಇಬ್ಬರು ಪ್ರಾಧ್ಯಾಪಕರು.

[ಪರದೆಯ ಮೇಲೆ: ಮೂರು ಅಂಕಣಗಳ ಒಂದು ಪುಟ]

ಒಬ್ಬರು ಬೆನ್ ಗುರಿಯನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ದಾನ್ ಬಾರ್-ಓನ್. ನಾಜಿಗಳ ಮಕ್ಕಳನ್ನೂ ಹತ್ಯಾಕಾಂಡದಲ್ಲಿ ಬದುಕುಳಿದ ಯಹೂದಿಗಳ ಮಕ್ಕಳನ್ನೂ ಎದುರುಬದುರು ಕೂರಿಸಿ ಮಾತಾಡಿಸಿದ ಮನುಷ್ಯ. ಇನ್ನೊಬ್ಬರು ಬೆತ್ಲೆಹೆಮ್ ವಿಶ್ವವಿದ್ಯಾಲಯದ ಸಾಮಿ ಅದ್ವಾನ್, ಒಂದು ಕಾಲಕ್ಕೆ ಇಸ್ರೇಲಿ ಜೈಲಿನಲ್ಲಿದ್ದವರು. ಎರಡನೆಯ ಇಂತಿಫಾದಾ ಉರಿಯುತ್ತಿದ್ದಾಗ, 2002ರಲ್ಲಿ, ಇವರು ಎರಡೂ ಕಡೆಯ ಇತಿಹಾಸದ ಮೇಷ್ಟರುಗಳನ್ನು ಸೇರಿಸಿದರು. ಪ್ಯಾಲೆಸ್ತೀನಿ ಶಿಕ್ಷಕರು ಸಭೆಗೆ ಬರಬೇಕೆಂದರೆ ಪರವಾನಗಿ ಬೇಕು, ಚೆಕ್‌ಪೋಸ್ಟ್ ದಾಟಬೇಕು. ಹಾಗೆ ಸೇರಿ ಮಾಡಿದ್ದೇನು? ಇಬ್ಬರೂ ಒಪ್ಪುವ ಒಂದೇ ಇತಿಹಾಸವನ್ನು ಬರೆಯುವ ಆಸೆಯನ್ನೇ ಕೈಬಿಟ್ಟರು. ಪುಟದ ಒಂದು ಅಂಚಿಗೆ ಇಸ್ರೇಲಿ ಕಥನ, ಇನ್ನೊಂದು ಅಂಚಿಗೆ ಪ್ಯಾಲೆಸ್ತೀನಿ ಕಥನ. ನಡುವೆ? ಬರೀ ಗೆರೆಗಳು. ಖಾಲಿ. ಅಲ್ಲಿ ಬರೆಯಬೇಕಾದವರು ಮಕ್ಕಳು.

ಮೊದಲ ಪಾಠ ಬಾಲ್ಫರ್ ಘೋಷಣೆ. ಇಸ್ರೇಲಿ ಅಂಕಣವು 19ನೆಯ ಶತಮಾನದ ಯೂರೋಪಿನಿಂದ, ಯಹೂದಿ ರಾಷ್ಟ್ರೀಯ ಚಳವಳಿ ಹುಟ್ಟಿದ ಬಗೆಯಿಂದ ಆರಂಭವಾಗುತ್ತದೆ. ಪ್ಯಾಲೆಸ್ತೀನಿ ಅಂಕಣ ಆರಂಭವಾಗುವುದು ಎಲ್ಲಿಂದ ಗೊತ್ತೇ? ನೆಪೋಲಿಯನ್‌ನಿಂದ! 1799ರ ಏಪ್ರಿಲ್, ಪ್ಯಾಲೆಸ್ತೀನಿನ ಆಕ್ರೆ ಕೋಟೆಗೆ ಮುತ್ತಿಗೆ, ಬೆಂಬಲಕ್ಕಾಗಿ ಯಹೂದಿಗಳಿಗೆ ಅವನು ಮುಂದಿಟ್ಟನೆನ್ನಲಾದ, ಪ್ಯಾಲೆಸ್ತೀನಿನಲ್ಲಿ ನೆಲೆ ಕೊಡುವ ಆಮಿಷ. ನೆಪೋಲಿಯನ್‌ನ ಆ ಘೋಷಣೆ ನಿಜವಾಗಿ ಹೊರಟಿತ್ತೇ ಎಂಬುದರ ಬಗ್ಗೆಯೇ ಇತಿಹಾಸಕಾರರಲ್ಲಿ ತಕರಾರಿದೆ, ಅದಿರಲಿ. ಒಂದೇ ಪಾಠ, ಒಂದೇ ಪುಟ, ಆದರೆ ಎರಡು ಕಥೆಗಳ ಮೊದಲ ಸಾಲುಗಳೇ ಬೇರೆ ಬೇರೆ ಶತಮಾನಗಳಲ್ಲಿವೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಸಂಕಲನ ಮಾಡುವವರು ಬೈದರೂ ಪರವಾಗಿಲ್ಲ. 1799 ಎಂದೊಡನೆ ನಮಗೆ ನೆನಪಾಗುವುದು ಶ್ರೀರಂಗಪಟ್ಟಣ. ಇದೇ ನೆಪೋಲಿಯನ್ ಆ ವರ್ಷದ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಬರೆದ ಕಾಗದ ಬ್ರಿಟಿಷರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆಗಿನ್ನೂ ಅವನ ಸೈನ್ಯ ಆಕ್ರೆಯ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿತ್ತು. ಎಲ್ಲ ಕಡೆಗೂ ಮಾತು ಕೊಡುತ್ತ, ಎಲ್ಲಿಗೂ ಬಂದು ಮುಟ್ಟದ ಮಿತ್ರ. ದೊಡ್ಡ ಸಾಮ್ರಾಜ್ಯಗಳು ಹೀಗೆ ಹಂಚಿದ ಭರವಸೆಗಳ ಸಾಲವನ್ನು ಯಾರೋ ಯಾವಾಗಲೋ ತೀರಿಸುತ್ತಿರುತ್ತಾರೆ. ಬಾಲ್ಫರ್ ಘೋಷಣೆ ಹೊರಡಿಸಿದ ಬ್ರಿಟನ್ನಿಗೂ ಈ ಮಾತು ಸಲ್ಲುತ್ತದೆ.

ಸರಿ, ಪುಸ್ತಕಕ್ಕೆ ಬರೋಣ. ಅದನ್ನು ಇಸ್ರೇಲಿನ ಶಿಕ್ಷಣ ಸಚಿವಾಲಯ ಒಪ್ಪಲಿಲ್ಲ. ಪ್ಯಾಲೆಸ್ತೀನಿ ಪ್ರಾಧಿಕಾರವೂ ಶಾಲೆಗಳಿಗೆ ಬಿಟ್ಟುಕೊಳ್ಳಲಿಲ್ಲ. ಅಂತೂ ಎರಡು ಸರ್ಕಾರಗಳು ಒಮ್ಮತಕ್ಕೆ ಬಂದ ಅಪರೂಪದ ವಿಷಯ ಇದು! 2010ರಲ್ಲಿ ಗಾಜಾ ಗಡಿಗೆ ಹತ್ತಿರದ, ರಾಕೆಟ್ ದಾಳಿ ಮಾಮೂಲಾಗಿದ್ದ ಶಾರ್ ಹನೆಗೆವ್ ಪ್ರೌಢಶಾಲೆಯಲ್ಲಿ ಇದನ್ನು ಪಾಠ ಮಾಡುತ್ತಿದ್ದಾರೆಂದು ತಿಳಿದಾಗ ಸಚಿವಾಲಯ ನಿಲ್ಲಿಸಲು ಹೇಳಿತು.

‘ಹಾಗಾದರೆ ಯಾರ ಮೇಲೂ ತಪ್ಪು ಹೊರಿಸಬಾರದೇ? ಕೊಂದವನನ್ನೂ ಬಿಟ್ಟುಬಿಡುವುದೇ?’ ನ್ಯಾಯವಾದ ಪ್ರಶ್ನೆ. ಎರಡು ಅಂಕಣ ಬರೆದ ಮಾತ್ರಕ್ಕೆ ಎರಡೂ ಕಡೆಯ ಬಲ ಸಮವಾಗುವುದಿಲ್ಲ. ಆಕ್ರಮಿತ ನೆಲದ ಚೆಕ್‌ಪೋಸ್ಟಿನಲ್ಲಿ ಬಂದೂಕು ಹಿಡಿದವನು ಒಬ್ಬ, ಸಾಲಿನಲ್ಲಿ ನಿಂತವನು ಇನ್ನೊಬ್ಬ. ಹಾಗೆಂದು ಬಸ್ಸಿನಲ್ಲಿ ಬಾಂಬ್ ಸಿಡಿಸಿದವನ ಕೈ ಶುದ್ಧವಾಗುವುದೂ ಇಲ್ಲ. ಬಸ್ಸಾಮ್ ಅರಾಮಿನ್ ಎಂಬ ಪ್ಯಾಲೆಸ್ತೀನಿ ತಂದೆಯ ವಿಷಯ ಕೇಳಿ. ಹದಿನೇಳರ ಹರೆಯದಲ್ಲಿ ಇಸ್ರೇಲಿ ಜೈಲು ಸೇರಿ ಏಳು ವರ್ಷ ಕಳೆದವರು. ಹೊರಬಂದ ಮೇಲೆ ‘ಶಾಂತಿಗಾಗಿ ಹೋರಾಟಗಾರರು’ ಎಂಬ ಸಂಘಟನೆ ಕಟ್ಟಿದವರಲ್ಲಿ ಒಬ್ಬರು. ಎರಡೂ ಕಡೆ ಆಯುಧ ಹಿಡಿದವರೇ ಸೇರಿದ ಸಂಘ ಅದು. 2007ರ ಜನವರಿಯಲ್ಲಿ ಅನಾತಾ ಊರಿನಲ್ಲಿ, ಶಾಲೆಯ ಬಳಿ, ಇಸ್ರೇಲಿ ಗಡಿ ಪೊಲೀಸರ ರಬ್ಬರ್ ಗುಂಡು ತಗುಲಿ ಅವರ ಹತ್ತು ವರ್ಷದ ಮಗಳು ಸತ್ತಳು. ಕ್ರಿಮಿನಲ್ ತನಿಖೆಯನ್ನು ಕೊನೆಗೊಳಿಸಿದರು. ಬಸ್ಸಾಮ್ ಬಿಡಲಿಲ್ಲ, ಸಿವಿಲ್ ದಾವೆ ಹೂಡಿದರು. 2010ರಲ್ಲಿ ಇಸ್ರೇಲಿ ನ್ಯಾಯಾಲಯವೇ ಸರ್ಕಾರ ಹೊಣೆ ಎಂದು ತೀರ್ಪು ಕೊಟ್ಟಿತು. ಅತ್ತ ಆ ಹುಡುಗಿ ಓದಿದ ಶಾಲೆಯ ಅಂಗಳದಲ್ಲಿ ಆಟದ ಮೈದಾನ ಕಟ್ಟಲು ಬಂದವರು ಇಸ್ರೇಲಿನ ಮಾಜಿ ಸೈನಿಕರು. ಬಸ್ಸಾಮ್ ಗುಂಡಿಗೆ ಲೆಕ್ಕ ಕೇಳಿದರು, ತಪ್ಪನ್ನು ಇಡೀ ಜನಾಂಗದ ತಲೆಗೆ ಕಟ್ಟಲಿಲ್ಲ. ನನ್ನ ಮಟ್ಟಿಗೆ ಈ ವಿಡಿಯೋದ ತಿರುಳು ಇಷ್ಟೇ.

ಸಮಯ ಮೀರುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಬಸ್ಸಾಮ್ ಅವರ ಆಪ್ತ ಗೆಳೆಯ ರಾಮಿ ಎಲ್ಹಾನನ್ ಇಸ್ರೇಲಿ. 1997ರಲ್ಲಿ ಜೆರುಸಲೇಮಿನ ಆತ್ಮಹತ್ಯಾ ದಾಳಿಯಲ್ಲಿ ಹದಿಮೂರರ ಮಗಳನ್ನು ಕಳೆದುಕೊಂಡವರು. ಮಕ್ಕಳನ್ನು, ಒಡಹುಟ್ಟಿದವರನ್ನು ಕಳೆದುಕೊಂಡ ಎರಡೂ ಕಡೆಯ ನೂರಾರು ಕುಟುಂಬಗಳ ‘ಪೇರೆಂಟ್ಸ್ ಸರ್ಕಲ್’ನಲ್ಲಿ ಇಬ್ಬರೂ ಇದ್ದಾರೆ. ಎರಡೂ ಕಡೆಯ ಸತ್ತವರಿಗಾಗಿ 2006ರಿಂದ ನಡೆಯುತ್ತಿರುವ ಜಂಟಿ ಸ್ಮರಣೆಗೆ 2018ರಲ್ಲಿ ಪ್ಯಾಲೆಸ್ತೀನಿಯರು ಬರದಂತೆ ಇಸ್ರೇಲಿನ ರಕ್ಷಣಾ ಸಚಿವರು ತಡೆದರು, ಸುಪ್ರೀಂ ಕೋರ್ಟ್ ತಡೆಯನ್ನು ತೆಗೆಯಿತು. ಇನ್ನು ಅಕ್ಟೋಬರ್ 7ರ ದಾಳಿಯಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಇಸ್ರೇಲಿ ಮಾವೋಜ್ ಇನೋನ್, ಮತ್ತು ಇಸ್ರೇಲಿ ಸೆರೆಯಿಂದ ಬಿಡುಗಡೆಯಾದ ಅಣ್ಣನನ್ನು ಆಮೇಲೆ ಕಳೆದುಕೊಂಡ ಪ್ಯಾಲೆಸ್ತೀನಿ ಅಜೀಜ್ ಅಬು ಸಾರಾ ಈಗ ಒಂದೇ ವೇದಿಕೆಯಲ್ಲಿ ಮಾತಾಡುತ್ತಾರೆ. 2024ರ ಮೇ ತಿಂಗಳಿನಲ್ಲಿ ಇಟಲಿಯ ವೆರೋನಾದಲ್ಲಿ ಪೋಪ್ ಫ್ರಾನ್ಸಿಸ್ ಇಬ್ಬರನ್ನೂ ತಬ್ಬಿಕೊಂಡರು.

ಇಂಥವರು ಎರಡೂ ಸಮಾಜಗಳಲ್ಲಿ ಸಣ್ಣ ಗುಂಪು. ತಮ್ಮವರಿಂದಲೇ ದ್ರೋಹಿ ಅನ್ನಿಸಿಕೊಂಡು ಬದುಕುತ್ತಾರೆ. ಅವರಿಂದ ಯುದ್ಧ ನಿಂತಿಲ್ಲ, ನಿಂತಿದೆ ಎಂದು ಅವರೂ ಹೇಳಿಕೊಳ್ಳುವುದಿಲ್ಲ. ಓಸ್ಲೋ ಒಪ್ಪಂದ ಕುಸಿದದ್ದು ಹೇಗೆ ಎಂಬುದನ್ನು ಮುಂದಿನ ವಿಡಿಯೋದಲ್ಲಿ ನೋಡೋಣ. ಅದಕ್ಕೆ ಹೇಗೂ ಅರ್ಧ ಗಂಟೆ ಬೇಕು.