ಲಕ್ವ ಹೊಡೆದ ಮೇಲೆ ಮಾತು ಯಾಕೆ ನಿಲ್ಲುತ್ತೆ? (ಕೋಲಾರದಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಲಕ್ವ ಹೊಡೆದವರು ಆಸ್ಪತ್ರೆಯಿಂದ ಮನೆಗೆ ಬಂದ್ರೆ ಕೈಕಾಲಿಗೆ ಎಣ್ಣೆ ತಿಕ್ತೀವಿ, ಹಿಡ್ಕೊಂಡು ನಡೆಸ್ತೀವಿ, ಆದ್ರೆ ಮಾತು ಬರ್ತಿಲ್ಲ ಅಂದ ತಕ್ಷಣ 'ಪಾಪ ಬುದ್ಧಿನೇ ಹೋಗಿದೆ' ಅಂತ ಅವರ ಎದುರಿಗೇ ಹೇಳ್ಬಿಡ್ತೀವಿ. ಅವರಿಗೆ ಅದು ಕೇಳ್ಸುತ್ತೆ ರೀ, ಎಷ್ಟೋ ಸಲ ಅರ್ಥಾನೂ ಆಗುತ್ತೆ. ಹೀಗೆ ಮಾತು ಕೆಡೋದಕ್ಕೆ ಅಫೇಸಿಯಾ ಅಂತಾರೆ. ಕೆಟ್ಟಿರೋದು ಭಾಷೆ, ಬುದ್ಧಿ ಅಲ್ಲ. ಮೊಮ್ಮಗಳು ಯಾರು, ತೋಟಕ್ಕೆ ನೀರು ಬಿಟ್ರಾ ಇಲ್ವಾ, ಯಾರು ಎಷ್ಟು ಸಾಲ ವಾಪಸ್ ಕೊಡ್ಬೇಕು, ಅದೆಲ್ಲಾ ಸಾಮಾನ್ಯವಾಗಿ ತಲೇಲಿ ಇದ್ದೇ ಇರುತ್ತೆ.

ಹೆಚ್ಚಿನವರಲ್ಲಿ ಭಾಷೆಯ ಕೆಲಸ ನಡೆಯೋದು ಮೆದುಳಿನ ಎಡಭಾಗದಲ್ಲಿ, ಲಕ್ವದಲ್ಲಿ ಅಲ್ಲಿಗೆ ಪೆಟ್ಟಾದ್ರೆ ಮಾತು ಕೆಡುತ್ತೆ. ಬಲಗೈ ಬಲಗಾಲು ಆಡಿಸೋದೂ ಅದೇ ಭಾಗ, ಹಂಗಾಗಿ ಬಲಗಡೆ ಸ್ವಾಧೀನ ಹೋದವರಲ್ಲೇ ಇದು ಜಾಸ್ತಿ ಕಾಣೋದು. ಬೈಕಿಂದ ಬಿದ್ದು ತಲೆಗೆ ಪೆಟ್ಟಾದವರಿಗೂ ಬರಬಹುದು.

1861ರಲ್ಲಿ ಪ್ಯಾರಿಸ್‌ನಲ್ಲಿ ಪಾಲ್ ಬ್ರೋಕಾ ಅನ್ನೋ ಡಾಕ್ಟರ್ ಒಬ್ಬ ರೋಗಿನ ನೋಡಿದ್ರು, ಏನ್ ಕೇಳಿದ್ರೂ ಅವನು 'ತಾನ್ ತಾನ್' ಅಂತಿದ್ದ, ಬೇರೆಯವರು ಹೇಳಿದ್ದು ಬಹುಪಾಲು ಗೊತ್ತಾಗ್ತಿತ್ತು, ಸಿಟ್ಟು ಬಂದ್ರೆ ಮಾತ್ರ ಬಾಯಿಂದ ಒಂದು ಬೈಗುಳ ನೀಟಾಗಿ ಬರೋದಂತೆ! ಅವನು ತೀರಿಕೊಂಡ ಮೇಲೆ ನೋಡಿದ್ರೆ ಮೆದುಳಿನ ಎಡಗಡೆ ಮುಂಭಾಗ ಹಾಳಾಗಿತ್ತು. ಈಗಲೂ ಹಂಗೇ, ಹೆಂಡತಿ ಹೆಸರು ಬಾಯಿಗೆ ಬರದವರು ಒಂದು ಎರಡು ಮೂರು ಅಂತ ಎಣಿಸ್ತಾರೆ, ಭಜನೆ ಶುರು ಮಾಡಿದ್ರೆ ಜೊತೆಗೆ ಹಾಡ್ತಾರೆ. ಮನೆಯವರು ಇದನ್ನ ನೋಡಿ ನಾಟಕ ಅಂದ್ಕೊಳ್ತಾರೆ. ನಾಟಕ ಅಲ್ಲ, ರೂಢಿಯಾಗಿರೋ ಮಾತು ಉಳ್ಕೊಂಡಿರುತ್ತೆ, ಹೊಸದಾಗಿ ಕಟ್ಟಿ ಹೇಳೋ ಮಾತು ಬರಲ್ಲ.

ಈ ಥರದವರು 'ಮಂಡಿಗೆ ಟೊಮೇಟೊ ತಗೊಂಡು ಹೋಗ್ಬೇಕು' ಅನ್ನೋಕೆ 'ಮಂಡಿ... ಟೊಮೇಟೊ... ಹೋಗು' ಅಂತ ತಿಣುಕ್ತಾರೆ, ಗೆ, ಅನ್ನು, ಇಂದ ಎಲ್ಲಾ ಉದುರಿಹೋಗಿರುತ್ತೆ. 1874ರಲ್ಲಿ ಕಾರ್ಲ್ ವೆರ್ನಿಕೆ ಅನ್ನೋ ಜರ್ಮನ್ ಡಾಕ್ಟರ್ ಹೇಳಿದ ಅಫೇಸಿಯಾ ಇದಕ್ಕೆ ಉಲ್ಟಾ: ಮಾತು ಸರಾಗವಾಗಿ ಹರಿಯುತ್ತೆ, ತಲೆಬುಡ ಇರಲ್ಲ, ನಾವು ಹೇಳಿದ್ದೂ ಅವರಿಗೆ ಸರಿಯಾಗಿ ತಲುಪಲ್ಲ. ನನ್ ಪ್ರಕಾರ ಮನೆಯವರಿಗೆ ಜಾಸ್ತಿ ಕಷ್ಟ ಕೊಡೋದು ಇದೇ, ಯಾಕಂದ್ರೆ ನೋಡೋರು ಹುಚ್ಚು ಅಂತ ಷರಾ ಬರೆದುಬಿಡ್ತಾರೆ.

ಮನೆಯವರು ಮಾಡೋ ಇನ್ನೊಂದು ತಪ್ಪು, ಸ್ಲೇಟು ಬಳಪ ಕೊಟ್ಟು 'ಬರೆದು ತೋರ್ಸಿ' ಅನ್ನೋದು. ಬಾಯಿ ಸೊಟ್ಟಾಗಿ ಬರೀ ಮಾತು ತೊದಲ್ತಿದ್ರೆ, ಕೈ ನೆಟ್ಟಗಿದ್ರೆ ಬರೀತಾರೆ. ಅಫೇಸಿಯಾದಲ್ಲಿ ಬರವಣಿಗೆನೂ ಸಾಮಾನ್ಯವಾಗಿ ಕೆಟ್ಟಿರುತ್ತೆ. ಕಿರುಚೋದೂ ಬೇಡ, ಕಿವಿ ಸರಿಯಾಗೇ ಇದೆ. ಟಿವಿ ಆಫ್ ಮಾಡಿ, ಎದುರಿಗೆ ಕೂತು 'ಕಾಫಿ ಬೇಕಾ?' ಅಂತ ಚಿಕ್ಕದಾಗಿ ಕೇಳಿ, ಲೋಟ ತೋರ್ಸಿ, ಕಾಯಿರಿ. ಕೆಲವರು ಬೇಡ ಅನ್ನೋಕೆ ಹೋಗಿ ಹೂಂ ಅಂದ್ಬಿಡ್ತಾರೆ, ಹಂಗಾಗಿ ಮುಖಾನೂ ನೋಡಿ.

ಇನ್ನು ನಮ್ ಜಿಲ್ಲೆಯ ವಿಷಯ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಕೆಜಿಎಫ್ ಕಡೆ ಹೋದ್ರೆ ತಮಿಳು, ಇನ್ನು ಉರ್ದು ಮನೆಗಳೂ ಇವೆ. ಎಷ್ಟೋ ಜನಕ್ಕೆ ಎರಡು ಭಾಷೆನೂ ಒಟ್ಟಿಗೇ ಸುಧಾರಿಸುತ್ತೆ, ಕೆಲವರಿಗೆ ಒಂದು ಮುಂದೆ ಬರುತ್ತೆ. ಮೊದಲು ಕಲಿತದ್ದು ಬರುತ್ತಾ, ದಿನಾ ಬಳಸಿದ್ದು ಬರುತ್ತಾ ಅಂತ 19ನೇ ಶತಮಾನದಿಂದ ವಾದ ಇದೆ, ಎಲ್ಲರಿಗೂ ಹೊಂದೋ ರೂಲ್ ಸಿಕ್ಕಿಲ್ಲ. ಆದ್ರೆ ಕನ್ನಡದಲ್ಲಿ ಮಾತ್ರ ಟೆಸ್ಟ್ ಮಾಡಿ 'ಏನೂ ಬರಲ್ಲ' ಅಂದ್ರೆ ಒಪ್ಕೋಬೇಡಿ. ಸ್ಪೀಚ್ ಥೆರಪಿಸ್ಟ್ ಕೇಳದೇ ಇದ್ರೂ ಮೊದಲ ದಿನಾನೇ ನೀವೇ ಹೇಳಿ, ಅಪ್ಪ ಮನೇಲಿ ಯಾವ ಭಾಷೆ ಆಡ್ತಿದ್ರು, ಲೆಕ್ಕ ಯಾವುದ್ರಲ್ಲಿ ಹಾಕ್ತಿದ್ರು, ಜಗಳ ಯಾವುದ್ರಲ್ಲಿ ಮಾಡ್ತಿದ್ರು ಅಂತ.