ಮೂರು ಆಂಪಿಯರ್ ಅಂತ ಬರೆದಿದೆ, ಆದರೆ...

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ‘ಬಕ್ ಕನ್ವರ್ಟರ್ ಕೊಡಿ’ ಅಂತ ಕೇಳಿದರೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಬೋರ್ಡನ್ನು ಕೈಗಿಡುತ್ತಾರೆ. ಅದರ ಮೇಲೆ ಎಲ್‌ಎಂ2596 ಎಂಬ ಐಸಿ, ಅಂದರೆ ಚಿಪ್, ಇರುತ್ತದೆ. ಬ್ಯಾಟರಿಯ 12 ವೋಲ್ಟನ್ನು ಇಳಿಸಿ 5 ವೋಲ್ಟ್ ಕೊಡುತ್ತದೆ. ಐಸಿಯ ಮಿತಿ 3 ಆಂಪಿಯರ್. ಆ ಬೋರ್ಡು ಅಷ್ಟನ್ನೂ ದಿನವಿಡೀ ಕೊಡುತ್ತದೆ ಅಂತ ನಂಬಬೇಡಿ.

ಲೆಕ್ಕ ಹಾಕೋಣ. 5 ವೋಲ್ಟ್, 2 ಆಂಪಿಯರ್ ಅಂದರೆ 10 ವ್ಯಾಟ್. ದಕ್ಷತೆ ನೂರಕ್ಕೆ 80 ಅಂದುಕೊಂಡರೆ ಒಳಗೆ 12.5 ವ್ಯಾಟ್ ಹೋಗಬೇಕು. ಉಳಿದ ಎರಡೂವರೆ ವ್ಯಾಟ್ ಬರೀ ಬಿಸಿ. ಹೆಚ್ಚುವರಿ 7 ವೋಲ್ಟನ್ನು ಬಿಸಿಯಾಗಿಯೇ ಕಳೆಯುವ ಹಳೆಯ 7805 ಜಾತಿಯ ರೆಗ್ಯುಲೇಟರ್‌ನಲ್ಲಾದರೆ ಇದೇ ಕೆಲಸಕ್ಕೆ 14 ವ್ಯಾಟ್ ವ್ಯರ್ಥ. ಹಾಗೆ ನೋಡಿದರೆ ಇದು ಎಷ್ಟೋ ವಾಸಿ. ಆದರೆ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡೂವರೆ ವ್ಯಾಟೂ ಜಾಸ್ತಿಯೇ, ಅಲ್ವಾ?

ಆ ಬಿಸಿಗೆ ಮೊದಲು ಸೋಲುವುದು ವೋಲ್ಟೇಜಿನ ಏರಿಳಿತ ತಗ್ಗಿಸುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. 105 ಡಿಗ್ರಿಯಲ್ಲಿ 2000 ಗಂಟೆ ಅಂತ ಅದಕ್ಕೊಂದು ಆಯಸ್ಸು ಹೇಳಿರುತ್ತಾರೆ. 10 ಡಿಗ್ರಿ ತಣ್ಣಗಾದರೆ ಆಯಸ್ಸು ಹೆಚ್ಚುಕಡಿಮೆ ದುಪ್ಪಟ್ಟು. 65 ಡಿಗ್ರಿಗೆ ಇಳಿಸಿದರೆ 32,000 ಗಂಟೆ, ಅಂದರೆ ಮೂರೂವರೆ ವರ್ಷದ ಮೇಲೆ. ಡಬ್ಬಿಗೆ ನಾಲ್ಕು ತೂತು ಕೊರೆಯುವುದು ಸುಮ್ನೆ ಅಲ್ಲ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ಕೆಲವು ಪುಟ್ಟ ಬೋರ್ಡುಗಳ ಇನ್‌ಪುಟ್‌ನಲ್ಲಿ ಸೆರಾಮಿಕ್ ಕೆಪಾಸಿಟರ್ ಮಾತ್ರ ಇರುತ್ತದೆ. ಉದ್ದನೆಯ ವೈರಿನಲ್ಲಿ 24 ವೋಲ್ಟನ್ನು ತಟ್ಟನೆ ಜೋಡಿಸಿದಿರಿ ಅನ್ನಿ. ಒಂದು ಕ್ಷಣ ವೋಲ್ಟೇಜ್ ಸುಮಾರು ಎರಡರಷ್ಟು ಜಿಗಿಯಬಹುದು. ಐಸಿಯ ಮಿತಿ 28 ವೋಲ್ಟ್ ಆಗಿದ್ದರೆ ಅಲ್ಲಿಗೆ ಮುಗಿಯಿತು. ಇನ್‌ಪುಟ್‌ಗೆ ಹತ್ತಿರದಲ್ಲೇ ಒಂದು ಎಲೆಕ್ಟ್ರೋಲಿಟಿಕ್ ಸೇರಿಸಿ; ಆ ಜಿಗಿತ ತಗ್ಗುತ್ತದೆ. ವೈರ್ ಗಿಡ್ಡವಿದ್ದಷ್ಟೂ ಒಳ್ಳೆಯದು.

ಒಳಗಿನ ಸ್ವಿಚ್ಚೇ ಶಾರ್ಟ್ ಆದರೆ? ಬ್ಯಾಟರಿಯ 12 ವೋಲ್ಟ್ ನೇರವಾಗಿ ನಿಮ್ಮ 5 ವೋಲ್ಟಿನ ಸರ್ಕ್ಯೂಟಿಗೆ ನುಗ್ಗುತ್ತದೆ. ಅದಕ್ಕೇ ಇನ್‌ಪುಟ್‌ನಲ್ಲಿ ಫ್ಯೂಸ್, ಔಟ್‌ಪುಟ್‌ನಲ್ಲಿ ಅಡ್ಡಲಾಗಿ ಒಂದು ಟಿವಿಎಸ್ ಡಯೋಡ್ ಹಾಕುವುದು. ವೋಲ್ಟೇಜ್ ಏರಿದಾಗ ಡಯೋಡ್ ಅದನ್ನು ತಡೆದು ಹಿಡಿಯುತ್ತದೆ, ಆ ಹೊಡೆತಕ್ಕೆ ಫ್ಯೂಸ್ ಹಾರುತ್ತದೆ.

ನಾನು ಕಳಕೊಂಡ ಬೋರ್ಡಿಗೆ ಮಾತ್ರ ಇದ್ಯಾವುದೂ ಕಾರಣವಲ್ಲ. ವೋಲ್ಟೇಜ್ ಹೊಂದಿಸುವ ಪುಟ್ಟ ಸ್ಕ್ರೂ ಇದೆಯಲ್ಲ, ಅದನ್ನು ಮೀಟರ್ ಇಟ್ಟು ನೋಡದೆ ಲೋಡ್ ಜೋಡಿಸಿಬಿಟ್ಟೆ. ಈಗ ಮೊದಲು ಅಳೆಯುತ್ತೇನೆ, ಆಮೇಲೆ ಸ್ಕ್ರೂ ಅಲುಗಾಡದಂತೆ ಒಂದು ಹನಿ ನೇಲ್ ಪಾಲಿಶ್ ಹಚ್ಚುತ್ತೇನೆ. ಬಣ್ಣ ಯಾವುದಾದರೂ ಆದೀತು, ಮನೆಯವರನ್ನು ಕೇಳಿ ತೆಗೆದುಕೊಂಡರೆ ಸಾಕು.

ನಮಸ್ಕಾರ.