ರೇಂಜ್‌ಫೈಂಡರ್ ತಪ್ಪು ಹೇಳಿದಾಗ

ಕೇಳುಗರಿಗೆ ನಮಸ್ಕಾರ.

ಒಂದು ಬೆಳಗ್ಗೆ ಬಿಲ್ಲು ಹಿಡಿದು ಅಭ್ಯಾಸಕ್ಕೆ ನಿಂತಿದ್ದೆ. ಹಿಂದಿನ ರಾತ್ರಿಯಷ್ಟೇ ಲೇಸರ್ ರೇಂಜ್‌ಫೈಂಡರಿಗೆ, ಅಂದರೆ ಗುರಿಯ ದೂರ ಅಳೆಯುವ ಉಪಕರಣಕ್ಕೆ, ಹೊಸ ಬ್ಯಾಟರಿ ಹಾಕಿದ್ದೆ. ಗುರಿಯತ್ತ ಹಿಡಿದು ಗುಂಡಿ ಒತ್ತಿದೆ. 44 ಅಂತ ತೋರಿಸಿತು. ಬಿಲ್ಲಿನ ಸೈಟನ್ನು, ಅಂದರೆ ದೂರಕ್ಕೆ ತಕ್ಕಂತೆ ಗುರಿ ಹಿಡಿಯುವ ಸಾಧನವನ್ನು, 44ಕ್ಕೆ ಇಟ್ಟು ಬಾಣ ಬಿಟ್ಟೆ. ಗುರಿಯ ನಡುವಿನ ಹಳದಿ ವೃತ್ತ ದಾಟಿ ಮೇಲೆ ಹೋಗಿ ನಾಟಿತು. ಇನ್ನೊಂದು ಬಿಟ್ಟೆ, ಅದೂ ಅಲ್ಲೇ. ಮೊದಲು ಬಿಲ್ಲನ್ನು ಬೈದೆ, ಆಮೇಲೆ ಬಾಣವನ್ನು. ಕೊನೆಗೆ ಟೇಪು ತಂದು ಅಳೆದೆ. ಸರಿಯಾಗಿ 40 ಮೀಟರ್.

ಕೆಟ್ಟಿದೆ ಅಂತ ಅದನ್ನು ಚೀಲಕ್ಕೆ ಎಸೆಯುವ ಹೊತ್ತಿಗೆ ಸಂಖ್ಯೆಯ ಪಕ್ಕದ ಪುಟ್ಟ ಅಕ್ಷರ ಕಣ್ಣಿಗೆ ಬಿತ್ತು. ಅದು ಗಜದಲ್ಲಿ ಹೇಳುತ್ತಿತ್ತು, ನಾನು ಮೀಟರ್ ಅಂದುಕೊಂಡಿದ್ದೆ! ಬ್ಯಾಟರಿ ತೆಗೆದಾಗ ಸೆಟ್ಟಿಂಗ್ ಬದಲಾಗಿತ್ತು, ಅಷ್ಟೇ. ಒಂದು ಗಜ ಅಂದರೆ 0.9144 ಮೀಟರ್. 40 ಮೀಟರ್ ಅಂದರೆ ಹತ್ತಿರ ಹತ್ತಿರ 44 ಗಜ. ಪಾಪ, ಅದು ಹೇಳಿದ್ದು ನಿಜವೇ.

ಅಂದಿನಿಂದ ನಾನು ಉಪಕರಣವನ್ನು ಬೈಯುವ ಮೊದಲು ತಪ್ಪು ಯಾವ ಥರದ್ದು ಅಂತ ನೋಡುತ್ತೇನೆ. ಮಟ್ಟಸವಾದ ಬಯಲಿನಲ್ಲಿ ಟೇಪು ಬಿಗಿಯಾಗಿ ಎಳೆದು 20, 40, 60 ಮೀಟರಿಗೆ ಗುರುತು ಹಾಕಿ. ತಿಳಿಬಣ್ಣದ ಒಂದು ಹಲಗೆಯನ್ನು ಪ್ರತಿ ಗುರುತಿನಲ್ಲೂ ನಿಲ್ಲಿಸಿ. ಐದೈದು ಸಲ ಗುಂಡಿ ಒತ್ತಿ, ಬಂದದ್ದನ್ನು ಬರೆದುಕೊಳ್ಳಿ.

22, 44, 66 ಅಂತ ದೂರದ ಜೊತೆಗೇ ತಪ್ಪೂ ಬೆಳೆಯುತ್ತಿದ್ದರೆ ಅದು ನನ್ನದೇ ಗಜದ ಕಥೆ. ಎಲ್ಲ ಕಡೆ ಒಂದೇ ಸಮನೆ ಅರ್ಧ ಮೀಟರೋ ಒಂದು ಮೀಟರೋ ವ್ಯತ್ಯಾಸ ಬಂದರೆ ನೀವು ನಿಂತ ಜಾಗ ನೋಡಿ. ಟೇಪು ಶುರುವಾಗುವುದು ನೆಲದ ಗೆರೆಯಿಂದ, ಉಪಕರಣ ಅಳೆಯುವುದು ನಿಮ್ಮ ಮುಖದ ಹತ್ತಿರದಿಂದ. ಅದೂ ಅಲ್ಲದೆ ಇಂಥ ಎಷ್ಟೋ ಉಪಕರಣಗಳ ಕೈಪಿಡಿಯಲ್ಲೇ ಒಂದು ಗಜ ಆಚೀಚೆ ಆಗಬಹುದು ಅಂತ ಬರೆದಿರುತ್ತಾರೆ.

ಒಂದು ಮೀಟರ್ ತಪ್ಪಿದರೆ ಏನಾಗುತ್ತೆ ಅಂತೀರಾ? ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕೋಣ. ತುದಿಗಳಲ್ಲಿ ರಾಟೆ ಇರುವ ಕಾಂಪೌಂಡ್ ಬಿಲ್ಲಿನಿಂದ ಸೆಕೆಂಡಿಗೆ 85 ಮೀಟರ್ ಹೋಗುವ ಬಾಣ 50 ಮೀಟರಿನಲ್ಲಿ ಸುಮಾರು ಮೂರೂವರೆ ಸೆಂಟಿಮೀಟರ್ ಮೇಲೆ ಕೆಳಗೆ ಆಗುತ್ತದೆ. ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲಿನಿಂದ ಸೆಕೆಂಡಿಗೆ 55 ಮೀಟರ್ ಹೋಗುವ ಬಾಣವಾದರೆ ಎಂಟು ಸೆಂಟಿಮೀಟರ್. 20 ಮೀಟರಿನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

ಬಯಲಿನಲ್ಲಿ ಎಲ್ಲ ಸರಿ, ಇಳಿಜಾರಿಗೆ ಹೋದರೆ ಮಾತ್ರ ತಪ್ಪು ಅನ್ನುವವರೂ ಇದ್ದಾರೆ. ಅದು ಮುಕ್ಕಾಲು ಪಾಲು ತಪ್ಪೇ ಅಲ್ಲ. ಬಾಣವನ್ನು ಭೂಮಿ ಎಷ್ಟು ಕೆಳಗೆ ಎಳೆಯುತ್ತದೆ ಅನ್ನುವುದಕ್ಕೆ ಓರೆಯಾದ ದೂರಕ್ಕಿಂತ ಅಡ್ಡ ದೂರವೇ ಮುಖ್ಯ. 30 ಡಿಗ್ರಿ ಇಳಿಜಾರಿನಲ್ಲಿ ಓರೆಯಾದ ದೂರ 40 ಮೀಟರ್ ಇದ್ದರೆ ಅಡ್ಡ ದೂರ ಬರೀ 34.6. ಬಿಲ್ಲುಗಾರರಿಗೆಂದು ಮಾಡಿದ ಉಪಕರಣ ಕೋನ ಲೆಕ್ಕ ಹಾಕಿ ಈ ಸಣ್ಣ ಸಂಖ್ಯೆಯನ್ನೇ ಕೊಡುತ್ತದೆ. ಟೇಪಿಗೆ ಅದು ಗೊತ್ತಾಗುವುದಿಲ್ಲ. ಮೇಲಕ್ಕೆ ಹೊಡೆಯುವಾಗಲೂ ಹೀಗೇ, ದೂರ ಕಡಿಮೆಯೇ. ಏರಿಗೆ ಹೆಚ್ಚು ಬೇಕು ಅಂತ ವಾದ ಮಾಡುವವರನ್ನು ಬಹಳ ನೋಡಿದ್ದೇನೆ. ಆದರೆ ಕೋನದ ಲೆಕ್ಕ ಹಾಕಿದಾಗಲೂ ತೆಗೆದಾಗಲೂ ಮಟ್ಟಸ ನೆಲದಲ್ಲಿ ಒಂದೇ ಸಂಖ್ಯೆ ಬರಬೇಕು. ಬರದಿದ್ದರೆ ಒಳಗಿನ ಕೋನದ ಸೆನ್ಸರ್ ಕೈಕೊಟ್ಟಿದೆ.

ಇನ್ನು ತಲೆ ತಿನ್ನುವುದು ಜಿಗಿಯುವ ಸಂಖ್ಯೆ. ಒಮ್ಮೆ 31, ಒಮ್ಮೆ 52, ಮತ್ತೆ 31. ಉಪಕರಣದ ಕೆಲಸವೇನು? ಬೆಳಕಿನ ಮಿಣುಕನ್ನು ಕಳಿಸಿ, ಅದು ಬಡಿದು ವಾಪಸ್ ಬರುವ ಸಮಯ ಎಣಿಸುವುದು. 30 ಮೀಟರ್ ಹೋಗಿ ಬರಲು ಸುಮಾರು 200 ನ್ಯಾನೊಸೆಕೆಂಡ್ ಸಾಕು. ಆದರೆ ಆ ಬೆಳಕು ದಾರದ ಹಾಗೆ ಸಣ್ಣಗೆ ಇರುವುದಿಲ್ಲ. ಹೋಗ್ತಾ ಹೋಗ್ತಾ ಹರಡುತ್ತದೆ. 50 ಮೀಟರಿಗೆ ಅಂಗೈ ಅಗಲ ಆದರೂ ಆಶ್ಚರ್ಯವಿಲ್ಲ. ದಾರಿಯಲ್ಲಿ ಒಂದು ರೆಂಬೆ, ನಾಲ್ಕು ಹುಲ್ಲುಕಡ್ಡಿ ಸಿಕ್ಕರೂ ಸಾಕು, ಅದರ ದೂರವನ್ನೇ ಹೇಳಿಬಿಡುತ್ತದೆ. ಗುರಿ ಕಪ್ಪಾಗಿ, ಒದ್ದೆಯಾಗಿ ಇದ್ದರೆ ಬೆಳಕು ಅಲ್ಲೇ ಹೀರಿಹೋಗಿ ಹಿಂದಿನ ಮರದಿಂದ ಉತ್ತರ ಬರುತ್ತದೆ. ಹತ್ತಿರದ ವಸ್ತು ಬೇಕೋ ದೂರದ್ದು ಬೇಕೋ ಅಂತ ಆರಿಸುವ ಸೆಟ್ಟಿಂಗ್ ಹಲವು ಉಪಕರಣಗಳಲ್ಲಿ ಇರುತ್ತದೆ. ಪೊದೆಯ ಆಚೆಗಿನ ಗುರಿಗೆ ದೂರದ್ದು ಇಡಿ. ಗಾಲ್ಫ್ ಆಟಕ್ಕೆ ಮಾಡಿದ ಉಪಕರಣ ಬಾವುಟ ಹುಡುಕಲು ಹತ್ತಿರದ್ದನ್ನೇ ಹಿಡಿಯುತ್ತದೆ, ಅದು ನೆನಪಿರಲಿ.

ಮಂಜು, ಮಳೆ, ನಡುವೆ ಬರುವ ಗಾಜು ಮೂರೂ ಶತ್ರುಗಳೇ. ಉಪಕರಣದ ಗಾಜನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಮುಂದಿನ ಗಾಜಿನ ಮೇಲೆ ನಿಮ್ಮದೇ ಬೆರಳು ಕೂತಿದೆಯೇನೋ ನೋಡಿ. ನಗಬೇಡಿ, ಆಗುತ್ತೆ. ಬ್ಯಾಟರಿ ಸುಸ್ತಾದರೂ ಸಂಖ್ಯೆ ಜಿಗಿಯಬಹುದು. ಚಳಿಯಲ್ಲಿ ಅದು ಬೇಗ ಸುಸ್ತಾಗುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಒಂದು ಪರೀಕ್ಷೆ ಇದೆ. ಹಿಂದೆ ಬರೀ ಆಕಾಶ ಇರುವ ಒಂದು ಕಂಬ ಹುಡುಕಿ. ಬಿಡದೆ ಅಳೆಯುತ್ತಲೇ ಇರುವ ಸ್ಕ್ಯಾನ್ ಸೆಟ್ಟಿಂಗಿನಲ್ಲಿಟ್ಟು ಎಡದಿಂದ ಬಲಕ್ಕೆ ನಿಧಾನ ಸರಿಸಿ. ಕಣ್ಣಿಗೆ ಕಾಣುವ ಗುರುತು ಕಂಬದ ಮೇಲೆ ಬಂದಾಗ ಸಂಖ್ಯೆ ಬರಬೇಕು. ಗುರುತು ಕಂಬದಿಂದ ಪಕ್ಕಕ್ಕೆ ಹೋದ ಮೇಲೆ ಬಂದರೆ ಲೇಸರ್ ಒಂದು ಕಡೆ, ಗುರುತು ಒಂದು ಕಡೆ ನೋಡುತ್ತಿವೆ. ಕೆಳಗೆ ಬಿದ್ದ ಉಪಕರಣದಲ್ಲಿ ಹೀಗಾಗುತ್ತದೆ. ಇದನ್ನು ಮಾತ್ರ ನೀವು ಬಿಚ್ಚಬೇಡಿ, ರಿಪೇರಿಗೆ ಕೊಡಿ.

ಉಪಕರಣವೂ ಟೇಪೂ ಒಂದೇ ಮಾತು ಹೇಳುತ್ತಿವೆ, ಬಾಣ ಮಾತ್ರ ತಪ್ಪುತ್ತಿದೆ ಅಂದರೆ ಸೈಟಿನ ಗುರುತುಗಳನ್ನು ನೋಡಿ. ಹಗುರವಾದ ಬಾಣಕ್ಕೆ ಹಾಕಿದ ಗುರುತು ಭಾರದ ಬಾಣಕ್ಕೆ ಕೂರುವುದಿಲ್ಲ.

ನಾನೀಗ ಗುಂಡಿ ಒತ್ತುವ ಮೊದಲು ಬಾಯಿಬಿಟ್ಟು ಒಂದು ಅಂದಾಜು ಹೇಳುತ್ತೇನೆ. ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಆರ್ಚರಿಯ ಫೀಲ್ಡ್ ಸ್ಪರ್ಧೆಗಳಲ್ಲಿ, ಅಂದರೆ ಏರುತಗ್ಗಿನ ಜಾಗದಲ್ಲಿ ಗುರಿಯಿಂದ ಗುರಿಗೆ ನಡೆದು ಹೊಡೆಯುವ ಸ್ಪರ್ಧೆಗಳಲ್ಲಿ, ರೇಂಜ್‌ಫೈಂಡರ್ ಬಳಸುವ ಹಾಗಿಲ್ಲ, ಹಾಗಾಗಿ ಅಲ್ಲಿಗೂ ಅದು ಅಭ್ಯಾಸ. ಮೊನ್ನೆ 35 ಇರಬೇಕು ಅಂದೆ, ಅದು 52 ಅಂದಿತು. ಸೈಟು ಮುಟ್ಟಲಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಒತ್ತಿದೆ. 36 ಬಂತು.

ನಮಸ್ಕಾರ.